ಬಡಾ ದಿನದ ಬಿಡುವು

ನಾಗಪುರದ ಸದರ ಪೇಟೆಯಲ್ಲಿ ನಕ್ಷತ್ರಗಳು ಮತ್ತೆ ತೂಗಾಡತೊಡಗಿವೆ. ಕಾಗದದವು, ಪ್ಲಾಸ್ಟಿಕ್ಕಿನವು, ಹೊಟ್ಟೆಯೊಳಗೆ ದೀಪವನ್ನಿಟ್ಟುಕೊಂಡವು, ಇಗರ್ಜಿಯ ಕಮಾನಿನಿಂದ ಮೊದಲ್ಗೊಂಡು ಬೇಕರಿಯ ಬಾಗಿಲಿನವರೆಗೆ ಎಲ್ಲೆಲ್ಲಿಯೂ ಅವೇ. ಸೇಂಟ್ ಫ್ರಾನ್ಸಿಸ್ ಡಿ ಸೇಲ್ಸ್ ಇಗರ್ಜಿಯಲ್ಲಿ ಬಾಲಯೇಸುವಿನ ಗೋದಲಿಗೆ ಹುಲ್ಲು ಹಾಸುವ ಸಡಗರ. ಸೀತಾಬರ್ಡಿಯ ಅಂಗಡಿಕಾರರು, ಯಾವ ಮತದವರೇ ಆಗಲಿ, ಹತ್ತಿಯ ಗಡ್ಡದ ಮುದುಕನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಕು ಮಾರುತ್ತಿದ್ದಾರೆ. ಕಿತ್ತಳೆಯ ಬುಟ್ಟಿಗಳು, ಉಣ್ಣೆಯ ಟೊಪ್ಪಿಗೆಗಳು, ಬೆಳಗಿನ ಮಂಜು, ಇವೆಲ್ಲ ಒಟ್ಟುಗೂಡಿ ಈ ಬಿಸಿಲೂರು ವರ್ಷದಲ್ಲಿ ಹದಿನೈದು ದಿನ ತಾನೂ ಒಂದು ವಿಲಾಯತಿ ಪಟ್ಟಣವೆಂದು ನಂಬಿಕೊಳ್ಳುತ್ತದೆ. ನಂಬಿಕೊಳ್ಳಲಿ, ಮೇ ತಿಂಗಳಲ್ಲಿ ಆ ಭ್ರಮೆ ತಾನಾಗಿಯೇ ಕರಗುವುದು.

ಈ ಪ್ರಾಂತದ ಸಾಮಾನ್ಯ ಜನರು ಕ್ರಿಸ್‌ಮಸ್ ಹಬ್ಬವನ್ನು ‘ಬಡಾ ದಿನ’ವೆಂದು ಕರೆಯುವರು. ಪಂಚಾಂಗವನ್ನು ತೆರೆದು ನೋಡಿದರೆ ಡಿಸೆಂಬರ 25 ವರ್ಷದ ಅತ್ಯಂತ ಗಿಡ್ಡ ಹಗಲುಗಳಲ್ಲೊಂದು. ಆದರೆ ನಮ್ಮ ವಾಚಕರಲ್ಲಿ ಒಂದು ವರ್ಗಕ್ಕೆ ಆ ಹೆಸರು ಅಕ್ಷರಶಃ ಸತ್ಯವಾದುದು. ಬೆಳಿಗ್ಗೆ ಐದಕ್ಕೆ ಇಡ್ಲಿಯ ಅಟ್ಟವನ್ನು ಒಲೆಗೇರಿಸಿದವನು ರಾತ್ರಿ ಹನ್ನೆರಡಕ್ಕೆ ಕೊನೆಯ ತಟ್ಟೆಯನ್ನು ತೊಳೆದಿಡುವ ದಿನ ದೊಡ್ಡ ದಿನವಲ್ಲದೆ ಮತ್ತೇನು?

ಈ ಮಾತನ್ನು ಎತ್ತಲು ಕಾರಣವಾದದ್ದು ಕಳೆದ ವಾರ ನಾವು ಕೈಕೊಂಡ ಖಾಪರಖೇಡಾ ಪ್ರವಾಸ. ನಾಗಪುರದ ಉತ್ತರಕ್ಕೆ ಸಾವನೇರ ತಾಲೂಕಿನಲ್ಲಿರುವ ಆ ಊರನ್ನು ನಮ್ಮವರಲ್ಲಿ ಹಲವರು ಬಲ್ಲರು. ಇತ್ವಾರಿಯಿಂದ ಛಿಂದ್ವಾಡಾಕ್ಕೆ ಹೋಗುತ್ತಿದ್ದ ಚಿಕ್ಕ ಹಳಿಯ ಗಾಡಿ 2015ರಲ್ಲಿ ನಿಲ್ಲುವವರೆಗೂ ಅಲ್ಲಿ ಇಳಿದು ಹತ್ತಿದವರು ನಮ್ಮಲ್ಲಿದ್ದಾರೆ. ಸುತ್ತಲೂ ಕಲ್ಲಿದ್ದಲ ಗಣಿಗಳು; ನಡುವೆ ಆಕಾಶಕ್ಕೆ ಕೈಚಾಚಿ ನಿಂತ ಚಿಮಣಿಗಳು. ಅಲ್ಲಿಯ ಉಷ್ಣವಿದ್ಯುತ್ ಕೇಂದ್ರದಲ್ಲಿ ಇಂದು ಇರುವ ಐದು ಘಟಕಗಳಲ್ಲಿ ಮೊದಲನೆಯದು 1989ರಲ್ಲಿ ಆರಂಭವಾಯಿತು, ಐದನೆಯದು 2011ರಲ್ಲಿ. ನಾಲ್ಕು ಘಟಕಗಳು 210 ಮೆಗಾವ್ಯಾಟಿನವು, ಕೊನೆಯದು 500ರದು, ಒಟ್ಟು 1340. ಒಮ್ಮೆ ತಂತಿಯ ಜಾಲಕ್ಕೆ ಸೇರಿದ ವಿದ್ಯುತ್ತಿಗೆ ಊರಿಲ್ಲ, ಕೇರಿಯಿಲ್ಲ. ಸದರದ ನಕ್ಷತ್ರದಲ್ಲಿ ಬೆಳಗುತ್ತಿರುವುದು ಎಲ್ಲಿಯ ಕಲ್ಲಿದ್ದಲೆಂದು ಯಾರೂ ಹೇಳಲಾರರು. ಆದರೂ ನಾಗಪುರದ ದೀಪಾಲಂಕಾರವನ್ನು ನೋಡಿದಾಗ ಖಾಪರಖೇಡಾದ ಬೂದಿಯನ್ನು ನೆನೆಯದಿರುವುದು ನಮಗೆ ಆಗಲಿಲ್ಲ.

ಅಲ್ಲಿ ನೆಲೆಸಿರುವ ಕನ್ನಡ ಕಾರಕೂನರಿಗೆ ಡಿಸೆಂಬರದ ಕೊನೆಯ ವಾರವೆಂದರೆ ನಾಗಪುರದ ಯಾತ್ರೆ. ಸರಕಾರಿ ಸುಟಿಯ ಹಿಂದೊಂದು ಮುಂದೊಂದು ಕ್ಯಾಜುಅಲ್ ರಜೆಯನ್ನು ಅಂಟಿಸಿ, ಹೆಂಡತಿ ಮಕ್ಕಳಿಗೆ ಸ್ವೆಟರು ತೊಡಿಸಿ, ಸಂಜೆಯ ಹೊತ್ತಿಗೆ ಸದರಕ್ಕೆ ಬಂದಿಳಿಯುವರು. ಇಗರ್ಜಿಯ ದೀಪಗಳನ್ನು ನೋಡಿ, ಗೋದಲಿಯ ಮುಂದೆ ಮಕ್ಕಳನ್ನು ಎತ್ತಿ ಹಿಡಿದು, ಫುಟಾಳಾ ಕೆರೆಯ ದಂಡೆಯಲ್ಲಿ ಸುತ್ತಾಡಿ, ಕಡೆಗೆ ಎಲ್ಲರೂ ಬಂದು ಸೇರುವುದು ಒಂದು ದಕ್ಷಿಣದ ಹೊಟೇಲಿಗೆ. ಪರವೂರಿನ ಹಬ್ಬವನ್ನು ಕಣ್ಣಿನಿಂದ ಉಂಡವರಿಗೆ ನಾಲಗೆಗೆ ತಮ್ಮೂರಿನ ರುಚಿ ಬೇಕು. ಇದು ಸಹಜ, ಇದರಲ್ಲಿ ತಪ್ಪು ಹುಡುಕುವ ಅರಸಿಕರು ನಾವಲ್ಲ. ಸಾರಿನ ಪರಿಮಳ ಮೂಗಿಗೆ ಬಡಿದೊಡನೆ ಪರದೇಶವೆಂಬ ಭಾವನೆ ಅರ್ಧ ಕಳೆಯುತ್ತದೆ. ಮಾಣಿ ಕನ್ನಡದಲ್ಲಿ ಮಾತಾಡಿದರೆ ಉಳಿದರ್ಧವೂ ಕಳೆಯುತ್ತದೆ. ಆದರೆ ದೋಸೆ ಬರಲು ಐದು ನಿಮಿಷ ತಡವಾದರೆ ಅದೇ ಕನ್ನಡದಲ್ಲಿ ‘ಏನಪ್ಪಾ, ಮಂಗಳೂರಿನಿಂದ ಬರಬೇಕೇ?’ ಎಂಬ ಬಿರುನುಡಿಯೂ ಹೊರಡುತ್ತದೆ.

ದೋಸೆ ಮಂಗಳೂರಿನಿಂದ ಬರಬೇಕಾಗಿಲ್ಲ. ಅದನ್ನು ಹೊಯ್ಯುವವನು ಬಂದಿದ್ದಾನೆ. ಖಾಪರಖೇಡಾದಲ್ಲಿ ನಮಗೆ ಭೇಟಿಯಾದ ತರುಣನೊಬ್ಬನ ಊರು ಕಾರ್ಕಳದ ಕಡೆಯದು, ಮತದಿಂದ ಕ್ರೈಸ್ತ. ಅವನ ಹೆಸರಾಗಲಿ, ಅವನು ನಾಗಪುರದ ಯಾವ ಹೊಟೇಲಿನ ಕಾವಲಿಯ ಮುಂದೆ ನಿಲ್ಲುವನೆಂಬುದಾಗಲಿ ಇಲ್ಲಿ ಬೇಡ. ವಾರದ ರಜೆಯಲ್ಲಿ ತನ್ನ ಬಂಧುವಿನ ಮನೆಗೆಂದು ಅಲ್ಲಿಗೆ ಬಂದಿದ್ದ. ನಾಗಪುರಕ್ಕೆ ಬಂದ ಮೇಲೆ ಐದು ಕ್ರಿಸ್‌ಮಸ್ಸುಗಳು ಕಳೆದಿವೆ, ಐದನ್ನೂ ಅವನು ಕಾವಲಿಯ ಮುಂದೆಯೇ ಕಳೆದಿದ್ದಾನೆ. ಡಿಸೆಂಬರವೆಂದರೆ ನಾಗಪುರದ ಹೊಟೇಲುಗಳಿಗೆ ಸುಗ್ಗಿ. 1953ರ ನಾಗಪುರ ಒಪ್ಪಂದದ ಫಲವಾಗಿ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ ಇಲ್ಲಿ ನಡೆಯುವ ವಾಡಿಕೆ. ಶಾಸಕರು, ಅವರ ಹಿಂಬಾಲಕರು, ಅಧಿಕಾರಿಗಳು, ಮೋರ್ಚಾ ತರುವವರು, ಮೋರ್ಚಾ ತಡೆಯುವ ಪೋಲೀಸರು, ಎಲ್ಲರಿಗೂ ಹಸಿವು ಒಂದೇ. ಅವರು ಹೊರಟು ಹೋಗುವಷ್ಟರಲ್ಲಿ ಶಾಲೆಗಳಿಗೆ ಸುಟಿ, ಉಚ್ಚ ನ್ಯಾಯಾಲಯದ ಪೀಠಕ್ಕೆ ಸುಟಿ, ಹುಲಿ ನೋಡಲು ಪೇಂಚಕ್ಕೂ ತಾಡೋಬಾಕ್ಕೂ ಹೋಗುವವರ ಸಂದಣಿ. ಇಡೀ ತಿಂಗಳು ಬಿಡುವೆಂಬ ಶಬ್ದವನ್ನು ಉಚ್ಚರಿಸುವ ಧೈರ್ಯ ಯಾವ ಮಾಣಿಗೂ ಇರುವುದಿಲ್ಲ.

24ರ ರಾತ್ರಿ ಹೊಟೇಲಿನ ಬಾಗಿಲು ಅರ್ಧ ಎಳೆದ ಮೇಲೂ ಒಳಗೆ ಗಿರಾಕಿಗಳು ಇರುತ್ತಾರೆ. ಪೂಜೆಗೆ ಹೋಗುವ ಮುನ್ನ ಉಂಡು ಹೋಗುವವರು ಕೆಲವರು, ದೀಪ ನೋಡಲು ಬಂದವರು ಹಲವರು. ಅವರು ಎದ್ದ ಮೇಲೆ ಕಾವಲಿ ಕೆರೆಯಬೇಕು, ನಾಳೆಯ ಹಿಟ್ಟು ರುಬ್ಬಬೇಕು, ನೆಲ ಒರೆಸಬೇಕು. ಗ್ರೈಂಡರಿನ ಸದ್ದಿನ ನಡುವೆ ಇಗರ್ಜಿಯ ಗಂಟೆ ಕೇಳಿಸುವುದೇ ಎಂದು ನಾವು ಕೇಳಿದೆವು. ‘ಗ್ರೈಂಡರು ನಿಂತಾಗ ಕೇಳಿಸುತ್ತದೆ, ಆದರೆ ಅಷ್ಟರಲ್ಲಿ ಗಂಟೆಯೂ ನಿಂತಿರುತ್ತದೆ’ ಎಂದು ನಕ್ಕ. ಊರಿನಲ್ಲಿ ತಾಯಿ ಕುಸ್ವಾರಿನ ಡಬ್ಬಿ ಕಟ್ಟಿಡುವಳಂತೆ. ಕಿಡಿಯೋ, ನೆವ್ರಿ, ಗುಳಿಯೋಗಳು ಊರಿಗೆ ಹೋಗಿ ಬಂದ ಯಾರದಾದರೂ ಚೀಲದಲ್ಲಿ ಜನವರಿಯ ಮಧ್ಯದಲ್ಲಿ ಬಂದು ಮುಟ್ಟುವುವಂತೆ, ಅರ್ಧ ಪುಡಿಯಾಗಿ.

ಅವನು ನಮ್ಮೊಡನೆ ದೂರು ಹೇಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಧಣಿಯನ್ನು ಬಯ್ಯಲೂ ಇಲ್ಲ. ಅವನ ಅಪೇಕ್ಷೆ ಇಷ್ಟೆ: ಕ್ರಿಸ್‌ಮಸ್ಸಿಗೆ ಬೇಡ, ಜನವರಿಯ ಕೊನೆಯಲ್ಲಿ ಅತ್ತೂರು ಇಗರ್ಜಿಯ ಜಾತ್ರೆಗಾದರೂ ಹೋಗಬಹುದು, ಆದರೆ ಯಾವ ದಿನ ರಜೆ ಸಿಗುವುದೆಂದು ಎರಡು ತಿಂಗಳು ಮುಂಚೆ ತಿಳಿಯಬೇಕು. ಈ ‘ಎರಡು ತಿಂಗಳು’ ಎಂಬುದು ಅವನ ಹಟವಲ್ಲ, ರೈಲ್ವೆಯವರ ಲೆಕ್ಕ. 2024ರ ನವೆಂಬರದಿಂದ ಮುಂಗಡ ಟಿಕೆಟ್ಟು 60 ದಿನ ಮೊದಲು ದೊರೆಯುತ್ತದೆ. ಅದಕ್ಕೆ ಹಿಂದೆ 120 ದಿನವಿತ್ತು. ಕ್ರಿಸ್‌ಮಸ್ಸಿಗೆ ಊರು ಮುಟ್ಟಬೇಕೆಂಬವನು ಅಕ್ಟೋಬರದ ಕೊನೆಯ ವಾರದಲ್ಲಿಯೇ ಸ್ಥಳ ಕಾದಿರಿಸಬೇಕು. ಬೆಂಗಳೂರಿಗೆ ಸಂಘಮಿತ್ರಾದಲ್ಲಿ ಒಂದು ಹಗಲು ರಾತ್ರಿ, ಅಲ್ಲಿಂದ ಘಟ್ಟ ಇಳಿಯಲು ಬಸ್ಸಿನಲ್ಲಿ ಇನ್ನೊಂದು ರಾತ್ರಿ. ಹೋಗಿ ಬರುವುದಕ್ಕೇ ನಾಲ್ಕು ದಿನ. ‘ನಾಳೆ ಬೇಕಾದರೆ ಹೋಗಿ ಬಾ’ ಎಂದು ಹಿಂದಿನ ಸಂಜೆ ಗಲ್ಲಾಪೆಟ್ಟಿಗೆಯ ಬಳಿ ಹೇಳುವ ಔದಾರ್ಯ ನಾಗಪುರದಲ್ಲಿರುವ ಕರಾವಳಿಯವನಿಗೆ ಯಾವ ಪ್ರಯೋಜನಕ್ಕೆ?

ಇಲ್ಲಿ ನಮಗೆ ಒಂದು ಹಳೆಯ ಸಂಗತಿ ಜ್ಞಾಪಕಕ್ಕೆ ಬರುತ್ತದೆ. ಈ ದೇಶಕ್ಕೆ ಕ್ರಿಸ್‌ಮಸ್ ರಜೆಯನ್ನು ತಂದವರು ಆಂಗ್ಲರು; ಅದು ಅವರ ಹಬ್ಬ, ಅವರ ಅನುಕೂಲ. ಆದರೆ ಆ ರಜೆಯನ್ನು ನಮ್ಮ ಹಿರಿಯರು ಮಲಗಿ ಕಳೆಯಲಿಲ್ಲ. ಕೋರ್ಟುಗಳೂ ಕಚೇರಿಗಳೂ ಮುಚ್ಚಿರುವ ಆ ವಾರದಲ್ಲಿಯೇ 1885ರ ಡಿಸೆಂಬರ 28ರಂದು ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಮುಂದೆ ಬಹುಕಾಲ ಡಿಸೆಂಬರದ ಕೊನೆಯ ವಾರವೇ ಕಾಂಗ್ರೆಸ್ಸಿನ ವಾರವಾಯಿತು. 1920ರ ಕ್ರಿಸ್‌ಮಸ್ ವಾರದಲ್ಲಿ ಆ ಅಧಿವೇಶನ ನೆರೆದದ್ದು ಇದೇ ನಾಗಪುರದಲ್ಲಿ, ವಿಜಯರಾಘವಾಚಾರ್ಯರ ಅಧ್ಯಕ್ಷತೆಯಲ್ಲಿ. ಅಸಹಕಾರದ ಗೊತ್ತುವಳಿಯಿಂದ ಆ ಅಧಿವೇಶನ ಪ್ರಸಿದ್ಧವಾಗಿದೆ. ಕನ್ನಡಿಗರು ಅದನ್ನು ನೆನೆಯಬೇಕಾದುದು ಮತ್ತೊಂದು ಕಾರಣಕ್ಕಾಗಿ. ಭಾಷೆಗಳಿಗನುಸಾರವಾಗಿ ಪ್ರಾಂತ ಸಮಿತಿಗಳನ್ನು ರಚಿಸುವ ವ್ಯವಸ್ಥೆ ಅಲ್ಲಿ ಒಪ್ಪಿಗೆಯಾಗಿ, ಮುಂಬಯಿ, ಮದರಾಸು, ಹೈದರಾಬಾದು, ಮೈಸೂರುಗಳಲ್ಲಿ ಹರಿದು ಹಂಚಿಹೋಗಿದ್ದ ಕರ್ನಾಟಕಕ್ಕೆ ತನ್ನದೇ ಆದ ಪ್ರಾಂತಿಕ ಕಾಂಗ್ರೆಸ್ ಸಮಿತಿ ದೊರೆಯಿತು. ಅದಕ್ಕಾಗಿ ಕನ್ನಡ ನಾಡಿನಿಂದ ನೂರಾರು ಪ್ರತಿನಿಧಿಗಳು ಈ ಚಳಿಯಲ್ಲಿ ಇಲ್ಲಿಗೆ ಬಂದಿದ್ದರು. ನಾಲ್ಕು ವರ್ಷಗಳ ಅನಂತರ ಅದೇ ಕ್ರಿಸ್‌ಮಸ್ ವಾರದಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಅಧಿವೇಶನ ನಡೆಯಿತು; 1956ರ ನವೆಂಬರ 1ಕ್ಕೆ ಹೋಗುವ ದಾರಿಯ ಒಂದು ಮೈಲಿಗಲ್ಲು ಹೀಗೆ ನಾಗಪುರದ ಮಣ್ಣಿನಲ್ಲಿ ನೆಟ್ಟದ್ದು.

ರಜೆಯನ್ನು ಪಡೆದವರು ವಕೀಲರು, ಕಾರಕೂನರು, ಶಿಕ್ಷಕರು. ಯಾವ ದಿನ ಕಚೇರಿ ಮುಚ್ಚುವುದೆಂದು ವರ್ಷದ ಮೊದಲೇ ಅವರಿಗೆ ತಿಳಿದಿತ್ತು, ಆದುದರಿಂದಲೇ ಧಾರವಾಡದಿಂದ ನಾಗಪುರಕ್ಕೆ ಬರಲು ಸಾಧ್ಯವಾಯಿತು. ಆ ನೂರಾರು ಜನರಿಗೆ ಇಲ್ಲಿ ಅನ್ನ ಬೇಯಿಸಿದವರು ಯಾರು, ಬಡಿಸಿದವರು ಯಾರು, ನಾವು ಓದಿದ ಯಾವ ಚರಿತ್ರೆಯಲ್ಲಿಯೂ ಬರೆದಿಲ್ಲ.

ಕಾರಕೂನರ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುವೆವು. 1843ರ ಡಿಸೆಂಬರದಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಡಿಕನ್ಸ್ ಪ್ರಕಟಿಸಿದ ‘ಎ ಕ್ರಿಸ್‌ಮಸ್ ಕ್ಯಾರೋಲ್’ ಎಂಬ ಕಥೆ ಇಂದಿಗೂ ಆ ಹಬ್ಬದ ಬೈಬಲ್ಲಿನ ಎರಡನೆಯ ಸಂಪುಟದಂತೆ ಓದಲ್ಪಡುತ್ತದೆ. ಅದರಲ್ಲಿ ಬಡ ಕಾರಕೂನನೊಬ್ಬನು ಹಬ್ಬದ ಒಂದೇ ಒಂದು ದಿನದ ರಜೆಗಾಗಿ ಜಿಪುಣ ಮಾಲೀಕನ ಮುಂದೆ ಕೈ ಹೊಸಕುತ್ತಾ ನಿಲ್ಲುವನು. ನಮ್ಮ ಕಾರಕೂನ ಓದುಗರು ಅದನ್ನು ಶಾಲೆಯಲ್ಲಿ ಓದಿ ಕಣ್ಣೀರು ಸುರಿಸಿದವರೇ. ಇಂದು ಅವರ ಸುಟಿ ಗೆಜೆಟ್ಟಿನಲ್ಲಿ ಅಚ್ಚಾಗಿದೆ, ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ. ಆ ಕಾರಕೂನನ ಸ್ಥಾನದಲ್ಲಿ ಈಗ ನಿಂತಿರುವವನು ಅವರಿಗೆ ಕಾಫಿ ತಂದಿಡುವ ಹುಡುಗ.

ಹೊಟೇಲಿನ ಯಜಮಾನರ ಪಕ್ಷವನ್ನು ನಾವು ಅರಿಯದವರಲ್ಲ. ಅವರಲ್ಲಿ ಬಹುಮಂದಿ ತಟ್ಟೆ ತೊಳೆದೇ ಗಲ್ಲಾಪೆಟ್ಟಿಗೆಯವರೆಗೆ ಬಂದವರು. ಅಂಗಡಿಯ ಬಾಡಿಗೆ ಹಬ್ಬವೆಂದು ಕಡಿಮೆಯಾಗುವುದಿಲ್ಲ. ಬೇಸಿಗೆಯಲ್ಲಿ ನಾಗಪುರದ ಬೀದಿಗಳು ಬೆಂಕಿಯಾದಾಗ ಮಧ್ಯಾಹ್ನದ ವ್ಯಾಪಾರ ಕುಗ್ಗುತ್ತದೆ, ಅದನ್ನು ಡಿಸೆಂಬರವೇ ತುಂಬಿಕೊಡಬೇಕು. ‘ಊರೆಲ್ಲ ಬೀದಿಗಿಳಿದ ದಿನ ನಾನು ಬಾಗಿಲು ಹಾಕಿಕೊಳ್ಳಲೇ?’ ಎಂದು ಅವರು ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಬಾಗಿಲು ಹಾಕಿರೆಂದು ನಾವು ಹೇಳುತ್ತಿಲ್ಲ. ಹಾಕಿದರೆ ನಮ್ಮ ಖಾಪರಖೇಡಾದ ಮಿತ್ರರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು?

ಉತ್ತರ ಆ ಖಾಪರಖೇಡಾದಲ್ಲಿಯೇ ಇದೆ. ವಿದ್ಯುತ್ ಕೇಂದ್ರಕ್ಕೆ ಬಾಗಿಲೇ ಇಲ್ಲ. ಹಬ್ಬವಿರಲಿ, ಗ್ರಹಣವಿರಲಿ, ಬಾಯ್ಲರು ಉರಿಯುತ್ತಲೇ ಇರಬೇಕು. ಕ್ರಿಸ್‌ಮಸ್ ರಾತ್ರಿ ಊರೆಲ್ಲ ದೀಪ ಹಚ್ಚಿದಾಗ ಅಲ್ಲಿ ಮಂದಿ ಎಚ್ಚರವಿರಲೇಬೇಕು. ಆದರೂ ಅಲ್ಲಿಯ ಕೆಲಸಗಾರನು ತನ್ನ ಬಿಡುವು ಯಾವಾಗ ಎಂದು ಯಾರನ್ನೂ ಬೇಡುವುದಿಲ್ಲ. ಪಾಳಿಯ ಪಟ್ಟಿ ಮುಂಚಿತವಾಗಿ ಗೋಡೆಯ ಮೇಲೆ ಬರುತ್ತದೆ. ಈ ಹಬ್ಬಕ್ಕೆ ನಾನು ದುಡಿದರೆ ಮುಂದಿನದಕ್ಕೆ ನೀನು. ನಿನ್ನ ಈದಿಗೆ ನಾನು ನಿಲ್ಲುವೆ, ನನ್ನ ದೀಪಾವಳಿಗೆ ನೀನು ನಿಲ್ಲು. 1340 ಮೆಗಾವ್ಯಾಟಿನ ಯಂತ್ರಗಳನ್ನು ಹೀಗೆ ನಡೆಸಬಹುದಾದರೆ ನಾಲ್ಕು ಒಲೆ, ಎರಡು ಕಾವಲಿಯ ಹೊಟೇಲನ್ನು ನಡೆಸಲಾಗದೇ? ಹನ್ನೆರಡು ಜನರಿರುವ ಅಡಿಗೆಮನೆಯಲ್ಲಿ ಹಬ್ಬಕ್ಕೆ ಮೂವರು ಊರಿಗೆ ಹೋದರೆ ಆ ದಿನದ ಪಟ್ಟಿಯಿಂದ ನಾಲ್ಕು ತಿಂಡಿಗಳನ್ನು ಕೈಬಿಟ್ಟರಾಯಿತು. ಹಬ್ಬದ ದಿನ ಸೆಟ್ ದೋಸೆ ಸಿಗಲಿಲ್ಲವೆಂದು ಯಾವ ಗಿರಾಕಿಯೂ ಊರು ಬಿಟ್ಟು ಹೋಗಿಲ್ಲ.

ಕಾಯಿದೆಯೂ ಒಂದು ಮಾತು ಹೇಳಿದೆ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯಿದೆಯು ಕೆಲಸಗಾರನಿಗೆ ವರ್ಷಕ್ಕೆ ಎಂಟು ಸಂಬಳಸಹಿತ ಹಬ್ಬದ ರಜೆಗಳನ್ನು ವಿಧಿಸಿತು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ 2, ಈ ನಾಲ್ಕು ನಿಶ್ಚಿತವಾದವು. ಉಳಿದ ನಾಲ್ಕು ಯಾವುವೆಂಬುದನ್ನು ಮಾಲೀಕನೂ ಕೆಲಸಗಾರರೂ ಕೂಡಿ ಒಪ್ಪಿಕೊಳ್ಳಬೇಕು. ಅದೂ ವರ್ಷ ಆರಂಭವಾಗುವ ಮುನ್ನ. ‘ಮುನ್ನ’ ಎಂಬ ಆ ಒಂದು ಶಬ್ದದ ಕಡೆಗೆ ನಮ್ಮ ಹೊಟೇಲ್ ಬಂಧುಗಳ ಲಕ್ಷ್ಯವನ್ನು ಸೆಳೆಯುತ್ತೇವೆ. ಮುನ್ನ ಎಂದರೆ ಈಗ. ಜನವರಿಯ ಎರಡನೆಯ ವಾರದಲ್ಲಿ ನೆನಪಾದರೆ ಫಲವಿಲ್ಲ. ಸದರದಲ್ಲಿ ನಕ್ಷತ್ರಗಳು ತೂಗಾಡುತ್ತಿರುವ ಈ ದಿನಗಳೇ ಆ ನಾಲ್ಕು ದಿನಗಳನ್ನು ಆರಿಸಿಕೊಳ್ಳುವ ಕಾಲ.

ಆದರೆ ವಾಚಕರಿಗೆ ಸುಳ್ಳು ಭರವಸೆ ಕೊಡುವುದು ನಮ್ಮ ಪದ್ಧತಿಯಲ್ಲ. ಆ ಕಾಯಿದೆ ಹುಟ್ಟಿದಾಗಲೇ ಹತ್ತು ಅಥವಾ ಅದಕ್ಕೆ ಮೇಲ್ಪಟ್ಟು ಕೆಲಸಗಾರರಿರುವ ಸಂಸ್ಥೆಗಳನ್ನು ಲಕ್ಷಿಸಿ ಹುಟ್ಟಿತು. ಆ ಹತ್ತನ್ನು ಇಪ್ಪತ್ತಕ್ಕೆ ಏರಿಸುವ ತಿದ್ದುಪಡಿಗೆ ರಾಜ್ಯದ ಸಚಿವ ಸಂಪುಟ 2025ರ ಸಪ್ಟೆಂಬರದಲ್ಲಿ ಸಮ್ಮತಿಯಿತ್ತಿತು. ಸಣ್ಣ ವ್ಯಾಪಾರಕ್ಕೆ ಅನುಕೂಲವೆಂದು ಅದಕ್ಕೆ ಕಾರಣ ಹೇಳುವರು. ವ್ಯಾಪಾರಕ್ಕೆ ಅನುಕೂಲವಾಗಬಹುದು. ಆದರೆ ನಮ್ಮವರು ದುಡಿಯುವ ಹೊಟೇಲುಗಳಲ್ಲಿ ಇಪ್ಪತ್ತು ಜೋಡಿ ಕೈಗಳಿರುವುವೆಷ್ಟು? ಮಾಣಿ, ಅಡಿಗೆಯವ, ಸಪ್ಲೈಯರ, ತಟ್ಟೆ ತೊಳೆಯುವವ, ಗಲ್ಲೆಯವ, ಎಲ್ಲರನ್ನೂ ಎಣಿಸಿದರೂ ಹದಿನೈದು ದಾಟದ ಹೊಟೇಲುಗಳೇ ಬಹಳ. ಅಂತಹ ಕಡೆ ಕಾಯಿದೆಯ ಕೈ ಬಾಗಿಲವರೆಗೆ ಬಂದು ಹಿಂದಿರುಗುತ್ತದೆ. ಅಲ್ಲಿ ಉಳಿಯುವುದು ಒಪ್ಪಂದವೊಂದೇ. ಒಂದೇ ಜಿಲ್ಲೆಯ, ಹಲವೊಮ್ಮೆ ಒಂದೇ ಊರಿನ ಧಣಿಗೂ ಆಳಿಗೂ ನಡುವೆ ಆಗಬೇಕಾದ ಒಪ್ಪಂದ. ತನ್ನ ಮಗಳ ಮದುವೆಗೆ ಆ ಹುಡುಗನ ತಂದೆಯನ್ನು ಕರೆಯುವ ಯಜಮಾನನು ಆ ಹುಡುಗನಿಗೆ ವರ್ಷದಲ್ಲಿ ನಾಲ್ಕು ದಿನಗಳನ್ನು ಬರೆದುಕೊಡಲು ಸರಕಾರದ ಇನ್‌ಸ್ಪೆಕ್ಟರನನ್ನು ಕಾಯಬೇಕೇ?

ಬರೆದು ಕೊಡುವುದು ಎಂದೆವು. ಬಾಯಿಮಾತಿನ ರಜೆ ಹೊಟೇಲಿನಲ್ಲಿ ಬಾಳುವುದಿಲ್ಲ. ಎರಡು ಬಸ್ಸು ತುಂಬ ಪ್ರವಾಸಿಗರು ಬಂದಿಳಿದರೆ ಅದು ಹಾರಿಹೋಗುವುದು. ಒಂದು ಹಾಳೆಯ ಮೇಲೆ ನಾಲ್ಕು ತಾರೀಖುಗಳು, ಯಾರು ಯಾವ ಹಬ್ಬಕ್ಕೆ ನಿಲ್ಲುವರು ಯಾರು ಹೋಗುವರು ಎಂಬ ಪಾಳಿ, ಕೆಳಗೆ ಧಣಿಯ ಸಹಿ, ಕೆಲಸಗಾರರ ಸಹಿ. ಇಷ್ಟೇ. ಇಲ್ಲಿ ಕಾರಕೂನ ಬಂಧುಗಳ ನೆರವನ್ನು ನಾವು ಬೇಡುತ್ತೇವೆ. ಅರ್ಜಿ ಬರೆಯುವುದು, ತಖ್ತೆ ಗೆರೆ ಎಳೆಯುವುದು, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಅದನ್ನು ಅಚ್ಚುಕಟ್ಟಾಗಿ ನಕಲು ಮಾಡುವುದು ಅವರಿಗೆ ಎಡಗೈಯ ಕೆಲಸ. ಈ ಸುಟಿಯಲ್ಲಿ ದೀಪ ನೋಡಲು ನಾಗಪುರಕ್ಕೆ ಬಂದಾಗ, ಊಟದ ಸಂದಣಿ ಕಳೆದ ಮಧ್ಯಾಹ್ನ ಮೂರರ ಹೊತ್ತಿಗೆ ಪರಿಚಯದ ಹೊಟೇಲಿನಲ್ಲಿ ಅರ್ಧ ತಾಸು ಕುಳಿತು ಅದನ್ನು ಬರೆದುಕೊಟ್ಟರೆ, ಕಾಫಿಯ ಬಿಲ್ಲನ್ನು ಧಣಿ ತಾನೇ ಹರಿದು ಹಾಕಿಯಾನು. ಅಂದ ಹಾಗೆ 24ರ ರಾತ್ರಿ ಅದೇ ಬಂಧುಗಳು ಹತ್ತೂವರೆಗೆ ಮೇಜು ಬಿಟ್ಟೆದ್ದರೆ ಅದೂ ಒಂದು ಉಪಕಾರವೇ. ಕೊನೆಯ ಗಿರಾಕಿ ಎದ್ದ ಮೇಲೆ ಅಡಿಗೆಮನೆಯಲ್ಲಿ ಇನ್ನೂ ಒಂದೂವರೆ ತಾಸಿನ ಕೆಲಸ ಉಳಿದಿರುತ್ತದೆ. ಮಧ್ಯರಾತ್ರಿಯ ಪೂಜೆಗೆ ಹೊರಡಬೇಕಾದವನು ಒಳಗಿದ್ದಾನೆಯೋ ಇಲ್ಲವೋ ಎಂಬುದು ಹೊರಗೆ ಕುಳಿತು ಸೋಂಪು ಜಗಿಯುವವರಿಗೆ ತಿಳಿಯುವುದಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ಕಚೇರಿಯ ಗೋಡೆಯನ್ನು ನೋಡಿದೆವು. ಅಲ್ಲಿ ಅಂತಹ ಹಾಳೆ ಇರಲಿಲ್ಲ. ನಿನ್ನೆ ಸಂಜೆ ಎಲ್ಲರನ್ನೂ ಕೂಡಿಸಿ ಕೇಳಿದಾಗ ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗಳ ವಿಷಯದಲ್ಲಿ ಯಾರದೂ ತಕರಾರಿರಲಿಲ್ಲ. ನಾಲ್ಕನೆಯದಕ್ಕೆ ಕಟ್ಟು ಕಟ್ಟುವಾತನು ಈದ್ ಎಂದನು, ಪುಟ ಜೋಡಿಸುವಾಕೆ ಕ್ರಿಸ್‌ಮಸ್ ಎಂದಳು. ತುಸು ಹೊತ್ತು ಚರ್ಚೆಯಾಗಿ, ಆ ಮನೆಯನ್ನು ಖಾಲಿ ಬಿಟ್ಟು ಅವರವರ ಹಬ್ಬವನ್ನು ಅವರವರೇ ತುಂಬುವುದೆಂದು ತೀರ್ಮಾನವಾಯಿತು. ಅದರಂತೆ 25ರಂದು ಆಕೆ ಕೆಲಸಕ್ಕೆ ಬರುವುದಿಲ್ಲ. 26ರ ಸಂಚಿಕೆಯಲ್ಲಿ ಅಂಕಣಗಳು ಓರೆಯಾಗಿಯೋ ಶೀರ್ಷಿಕೆಗಳು ಅದಲುಬದಲಾಗಿಯೋ ಕಂಡರೆ ವಾಚಕರು ಕ್ಷಮಿಸಬೇಕು. ಆ ಪುಟಗಳನ್ನು ನಾವೇ ಜೋಡಿಸಿರುತ್ತೇವೆ.